ಬೀರೂರು ಕ್ಷೇತ್ರ ಎಲ್ಲಿಗೆ ಹೋಯ್ತು? ಕಡೂರು, ತರೀಕೆರೆ, ಅಜ್ಜಂಪುರದ ಒಂದು ಜಮಾ-ಖರ್ಚು

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

ಇವತ್ತಿನ ಸಂಚಿಕೆಯನ್ನ ಒಂದು ಸಣ್ಣ ಲೆಕ್ಕದಿಂದ ಶುರು ಮಾಡ್ತೀನಿ. ಚಿಕ್ಕಮಗಳೂರು ಜಿಲ್ಲೆಯಲ್ಲಿ ಈಗ ಎಷ್ಟು ವಿಧಾನಸಭಾ ಕ್ಷೇತ್ರ? ಐದು. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ, ಕಡೂರು. ಇದೇ ಪ್ರಶ್ನೆಯನ್ನ ನಮ್ಮ ಊರಿನ ಕಟ್ಟೆ ಮೇಲೆ ಕೂತಿರೋ ಅರವತ್ತು ದಾಟಿದವರಿಗೆ ಕೇಳಿ, ಬಾಯಿಗೆ ಬರೋದು ಆರು. ಆರನೆಯದರ ಹೆಸರು ಬೀರೂರು.

ನಾನು ಬೀರೂರು ಹೋಬಳಿಯ ಹುಡುಗ. ಬಿ.ಕಾಂ. ಮುಗಿಸಿ ಬೆಂಗಳೂರಿಗೆ ಬಂದವನು, ದಾಸರಹಳ್ಳಿಯಲ್ಲಿ ಬಾಡಿಗೆ ಮನೆ. ಈ ಎರಡು ಊರಿನ ಹೆಸರು ನೆನಪಿಟ್ಟುಕೊಳ್ಳಿ, ಯಾಕಂದ್ರೆ ಒಂದು ಕ್ಷೇತ್ರ ಅಳಿದ ದಿನವೇ ಇನ್ನೊಂದು ಹುಟ್ಟಿದ್ದು. 2008ರ ಚುನಾವಣೆಯಲ್ಲಿ ಬೀರೂರು ಅನ್ನೋ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ದಾಸರಹಳ್ಳಿ ಅನ್ನೋ ಹೆಸರು ಮೊದಲ ಸಲ ಬಂತು.

ಅದಕ್ಕೂ ಮೊದಲು ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಕಡೆ ಹೆಸರು ಕಳ್ಕೊಳ್ಳೋದು ಹೊಸದೇನಲ್ಲ.

ಇವತ್ತು ಚಿಕ್ಕಮಗಳೂರು ಜಿಲ್ಲೆ ಅಂತ ಕರೀತೀವಲ್ಲ, ಅದು 1947ರ ತನಕ ಕಡೂರು ಜಿಲ್ಲೆ. ಬ್ರಿಟಿಷ್ ಕಮಿಷನರುಗಳು ಮೈಸೂರನ್ನ ಆಳುತ್ತಿದ್ದ ಕಾಲದಲ್ಲಿ, 1863ರಲ್ಲಿ, ಈ ಜಿಲ್ಲೆ ಮಾಡಿದರು. ಕೇಂದ್ರ ಸ್ಥಾನ ಕಡೂರು. ಎರಡೇ ವರ್ಷ, 1865ರಲ್ಲಿ ಕಚೇರಿ ಚಿಕ್ಕಮಗಳೂರಿಗೆ ಹೋಯ್ತು. ಹೆಸರು ಮಾತ್ರ ಎಂಬತ್ತು ವರ್ಷ ಕಡೂರಲ್ಲೇ ಉಳಿದಿತ್ತು, ಆಮೇಲೆ ಅದೂ ಹೋಯ್ತು. ಕಾಫಿ, ಬೆಟ್ಟ, ಮಂಜು, ಹೋಂಸ್ಟೇ, ರೀಲ್ಸ್ ಎಲ್ಲ ಚಿಕ್ಕಮಗಳೂರಿನ ಖಾತೆಗೆ. ತೆಂಗು, ಅಡಿಕೆ, ಈರುಳ್ಳಿ, ರಾಗಿ, ರೈಲ್ವೆ ಜಂಕ್ಷನ್ನು ನಮ್ಮ ಖಾತೆಗೆ.

ಜಂಕ್ಷನ್ ಅಂದ್ರೆ ಬೀರೂರು. ಬೆಂಗಳೂರಿಂದ ಅರಸೀಕೆರೆ, ಕಡೂರು ದಾಟಿ ಬರೋ ರೈಲು ಇಲ್ಲಿ ಎರಡು ದಾರಿ ಹಿಡಿಯುತ್ತೆ. ಒಂದು ಅಜ್ಜಂಪುರ, ಶಿವನಿ, ಚಿಕ್ಕಜಾಜೂರು ಮೇಲೆ ಹುಬ್ಬಳ್ಳಿಗೆ. ಇನ್ನೊಂದು ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ. ತಮಾಷೆ ನೋಡಿ, ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ ರೈಲು ಬಂದಿದ್ದು 2013ರಲ್ಲಿ, ಅದೂ ಕಡೂರಿನಿಂದ ಕವಲೊಡೆದ ಹಳಿ. ಅಜ್ಜಂಪುರ, ಕಡೂರು, ಬೀರೂರು, ತರೀಕೆರೆಯವರು ಅದಕ್ಕೆ ನೂರಕ್ಕೂ ಹೆಚ್ಚು ವರ್ಷ ಮೊದಲೇ ರೈಲು ಹತ್ತಿ ಇಳಿಯುತ್ತಿದ್ದವರು. ಈ ಹಳಿಯೇ ಮುಂದೆ ನಮ್ಮ ಕಥೆಗೆ ಮುಖ್ಯ ಆಗುತ್ತೆ.

ಈಗ ಕ್ಷೇತ್ರದ ವಿಷಯ. 1952ರ ಮೊದಲ ಚುನಾವಣೆ ಹೊತ್ತಿಗೆ ಹಳೇ ಮೈಸೂರು ರಾಜ್ಯದ ವಿಧಾನಸಭೆಯಲ್ಲಿ ಇದ್ದಿದ್ದು 99 ಸ್ಥಾನ. ರಾಜ್ಯ ದೊಡ್ಡದಾದ ಮೇಲೆ 1957ರಲ್ಲಿ 208, 1967ರಲ್ಲಿ 216, 1978ರಲ್ಲಿ 224. ಅಲ್ಲಿಗೆ ನಿಂತುಹೋಯ್ತು. ಇವತ್ತಿಗೂ 224. ನಿಮ್ಮ ವಯಸ್ಸಿನ, ನನ್ನ ವಯಸ್ಸಿನ ಯಾರೂ ಆ ಸಂಖ್ಯೆ ಬದಲಾಗಿದ್ದನ್ನ ನೋಡಿಲ್ಲ.

1978 ಅಂದ ಕೂಡಲೇ ನಮ್ಮ ಜಿಲ್ಲೆಯವರಿಗೆ ಇಂದಿರಾ ಗಾಂಧಿ ನೆನಪಾಗ್ತಾರೆ. ಡಿ.ಬಿ. ಚಂದ್ರೇಗೌಡರು ಲೋಕಸಭಾ ಸ್ಥಾನ ಬಿಟ್ಟುಕೊಟ್ಟು, ನವೆಂಬರ್‌ನಲ್ಲಿ ಉಪಚುನಾವಣೆ ನಡೆದು, ವೀರೇಂದ್ರ ಪಾಟೀಲರ ವಿರುದ್ಧ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದ ಆ ಕಥೆಯ ಮೇಲೆ ನೂರು ವೀಡಿಯೊ ಇವೆ, ನಾನು ಮತ್ತೆ ಹೇಳಲ್ಲ. ಹೇಳಬೇಕಾದ ಒಂದೇ ಮಾತು: ಇಂದಿರಾ ಗೆದ್ದ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವೂ ಆ ರೂಪದಲ್ಲಿ ಈಗ ಇಲ್ಲ. ಬೀರೂರನ್ನ ಅಳಿಸಿದ ಆದೇಶವೇ ಅದನ್ನೂ ಅಳಿಸಿತು. ಉಳಿದಿದ್ದು ಉಡುಪಿ-ಚಿಕ್ಕಮಗಳೂರು.

ಅಳಿಸಿದ್ದು ಯಾರು? ನಮ್ಮಲ್ಲಿ ಇದಕ್ಕೆ ಒಂದೊಂದು ಮನೆಯಲ್ಲಿ ಒಂದೊಂದು ಉತ್ತರ. "ಆ ಪಾರ್ಟಿಯವರು ಬೇಕಂತಲೇ ತೆಗೆಸಿದ್ರು" ಅಂತ ಒಬ್ಬರು, "ಈ ಪಾರ್ಟಿಯವರು ಸುಮ್ಮನಿದ್ರು" ಅಂತ ಇನ್ನೊಬ್ಬರು. ರಾಜಕೀಯ ಇರಲೇ ಇಲ್ಲ ಅಂತ ನಾನು ಹೇಳಲ್ಲ, ಎಲ್ಲಿ ಗೆರೆ ಎಳೀಬೇಕು ಅನ್ನೋದರಲ್ಲಿ ರಾಜಕೀಯ ಇದ್ದೇ ಇರುತ್ತೆ. ಆದರೆ ಆರು ಐದಾಗಿದ್ದಕ್ಕೆ ಕಾರಣ ರಾಜಕಾರಣಿ ಅಲ್ಲ. ಕ್ಯಾಲ್ಕುಲೇಟರ್.

2002ರ ಕ್ಷೇತ್ರ ಮರುವಿಂಗಡಣಾ ಕಾಯ್ದೆ ಪ್ರಕಾರ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯಲ್ಲಿ ಒಂದು ಆಯೋಗ ಕೂತಿತು. ಸಂವಿಧಾನ ಹೇಳೋದು ಇಷ್ಟು: ರಾಜ್ಯದ ಎಲ್ಲ ಕ್ಷೇತ್ರಗಳಲ್ಲೂ ಜನಸಂಖ್ಯೆ ಸಾಧ್ಯವಾದಷ್ಟು ಒಂದೇ ಸಮ ಇರಬೇಕು. ಆಯೋಗ ತಗೊಂಡಿದ್ದು 2001ರ ಜನಗಣತಿ. ಕರ್ನಾಟಕದ ಜನಸಂಖ್ಯೆ 5 ಕೋಟಿ 28 ಲಕ್ಷ. ಅದನ್ನ 224ರಿಂದ ಭಾಗಿಸಿ. ಒಂದು ಕ್ಷೇತ್ರಕ್ಕೆ ಸುಮಾರು 2 ಲಕ್ಷ 36 ಸಾವಿರ ಜನ ಬರ್ತಾರೆ. ಈಗ ಪ್ರತಿ ಜಿಲ್ಲೆಯ ಜನಸಂಖ್ಯೆಯನ್ನ ಈ ಸಂಖ್ಯೆಯಿಂದ ಭಾಗಿಸ್ತಾ ಹೋಗಿ.

ಚಿಕ್ಕಮಗಳೂರು ಜಿಲ್ಲೆ, 11 ಲಕ್ಷ 41 ಸಾವಿರ. ಭಾಗಿಸಿದರೆ 4.83. ಅಂದ್ರೆ ಐದು. ಹಾಸನ, 17 ಲಕ್ಷ 21 ಸಾವಿರ. 7.29, ಅಂದ್ರೆ ಏಳು. ಎಂಟಿದ್ದದ್ದು ಏಳಾಗಿ ಗಂಡಸಿ ಕ್ಷೇತ್ರ ಹೋಯ್ತು. ಕೊಡಗು, 5 ಲಕ್ಷ 48 ಸಾವಿರ. 2.32, ಅಂದ್ರೆ ಎರಡು. ಮೂರಿದ್ದದ್ದು ಎರಡಾಗಿ ಸೋಮವಾರಪೇಟೆ ಹೋಯ್ತು. ಬೆಂಗಳೂರು ನಗರ ಜಿಲ್ಲೆ, 65 ಲಕ್ಷ 37 ಸಾವಿರ. 27.7, ಅಂದ್ರೆ ಇಪ್ಪತ್ತೆಂಟು. ಅಲ್ಲಿ ಮೊದಲು ಇದ್ದಿದ್ದು ಹದಿನಾರು.

ಬಿ.ಕಾಂ. ಮೊದಲ ವಾರದಲ್ಲೇ ಹೇಳಿಕೊಡೋ ಪಾಠ: ಒಂದು ಕಡೆ ಜಮೆ ಆದರೆ ಇನ್ನೊಂದು ಕಡೆ ಖರ್ಚು ಬೀಳಲೇಬೇಕು. ಒಟ್ಟು 224 ಅಂತ ಬೀಗ ಹಾಕಿಟ್ಟ ಮೇಲೆ ಬೆಂಗಳೂರಿಗೆ ಹನ್ನೆರಡು ಜಮೆ ಆಗಬೇಕಾದರೆ ರಾಜ್ಯದ ಬೇರೆ ಕಡೆ ಹನ್ನೆರಡು ಖರ್ಚು ಬೀಳಲೇಬೇಕಿತ್ತು. ಬೀರೂರು ಆ ಹನ್ನೆರಡರಲ್ಲಿ ಒಂದು.

ಹನ್ನೆರಡೂ ಬಂದಿದ್ದು ಹಳೇ ಬೆಂಗಳೂರಿಗಲ್ಲ ಅನ್ನೋದನ್ನ ಗಮನಿಸಿ. ಚಿಕ್ಕಪೇಟೆ, ಗಾಂಧಿನಗರ, ಬಸವನಗುಡಿ ಬೆಳೆಯೋಕೆ ಜಾಗ ಎಲ್ಲಿತ್ತು? ನಗರದ ಅಂಚಲ್ಲಿ ಆಗ ಇದ್ದಿದ್ದು ನಾಲ್ಕು ದೈತ್ಯ ಕ್ಷೇತ್ರಗಳು: ಯಲಹಂಕ, ಉತ್ತರಹಳ್ಳಿ, ವರ್ತೂರು, ಆನೇಕಲ್. ಉತ್ತರಹಳ್ಳಿ ಎಷ್ಟು ಊದಿಕೊಂಡಿತ್ತು ಅಂದ್ರೆ ಒಬ್ಬ ಶಾಸಕ ಅದನ್ನ ಪೂರ್ತಿ ಸುತ್ತೋದೇ ಕಷ್ಟ. ಈ ಹೊರವಲಯವನ್ನ ಒಡೆದಾಗ ಹುಟ್ಟಿದ ಹೆಸರುಗಳೇ ಬ್ಯಾಟರಾಯನಪುರ, ಯಶವಂತಪುರ, ರಾಜರಾಜೇಶ್ವರಿನಗರ, ದಾಸರಹಳ್ಳಿ, ಮಹದೇವಪುರ, ಬೊಮ್ಮನಹಳ್ಳಿ, ಕೆ.ಆರ್. ಪುರ, ಬೆಂಗಳೂರು ದಕ್ಷಿಣ. ಎಲ್ಲ ಕೆರೆ, ತೋಟ, ಹೊಲ ಇದ್ದ ಊರುಗಳು. ಒಂದು ತಲೆಮಾರಿನಲ್ಲಿ ಲೇಔಟ್ ಆದವು.

ಆ ಲೇಔಟುಗಳನ್ನ ತುಂಬಿದವರು ಯಾರು? ಹೊರ ರಾಜ್ಯದವರೂ ಇದ್ದಾರೆ, ಸರಿ. ಆದರೆ ಒಮ್ಮೆ ತುಮಕೂರು ರಸ್ತೆ ಕಡೆ ಬಂದು ನೋಡಿ. ಕಡೂರು, ಅರಸೀಕೆರೆ, ತಿಪಟೂರು ಕಡೆಯಿಂದ ಬರೋ ಬಸ್ಸು ನೆಲಮಂಗಲ ದಾಟಿದ ಮೇಲೆ ಮೊದಲು ಸಿಗೋದೇ ಈ ಭಾಗ. ಪಕ್ಕದಲ್ಲೇ ಪೀಣ್ಯ. ಫ್ಯಾಕ್ಟರಿ ಇದೆ, ಕೆಲಸ ಇದೆ, ಬಾಡಿಗೆ ಸ್ವಲ್ಪ ಕಡಿಮೆ. ರೈಲಲ್ಲಿ ಬಂದರೆ ಯಶವಂತಪುರದಲ್ಲಿ ಇಳಿದರಾಯ್ತು. ನಮ್ಮ ಕಡೆಯವರು ಬಸ್ಸು ಮೊದಲು ನಿಂತ ಕಡೆ, ರೈಲು ಮೊದಲು ನಿಂತ ಕಡೆ ಇಳಿದು ಅಲ್ಲೇ ಉಳಿದರು. ನನ್ನ ಬೀದಿಯಲ್ಲೇ ತರೀಕೆರೆ ಕಡೆಯವರ ಒಂದು ಕಾಂಡಿಮೆಂಟ್ಸ್ ಇದೆ, ಎರಡು ಮನೆ ಆಚೆ ಅಜ್ಜಂಪುರದ ಟೈಲರ್.

ಅಂದ್ರೆ ಬೀರೂರು ಕ್ಷೇತ್ರ ಗಾಳೀಲಿ ಮಾಯ ಆಗಲಿಲ್ಲ. ಅದರ ಒಂದು ಪಾಲು ರೈಲು ಹತ್ತಿ ಯಶವಂತಪುರದಲ್ಲಿ ಇಳಿಯಿತು.

ಸರಿ, ಊರಲ್ಲಿ ಏನಾಯ್ತು? ಬೀರೂರಿನ ಕೊನೆಯ ಶಾಸಕ, 2004ರಲ್ಲಿ ಗೆದ್ದ ಜೆಡಿಎಸ್‌ನ ಎಸ್.ಎಲ್. ಧರ್ಮೇಗೌಡರು. ಅವರ ತಂದೆ ಎಸ್.ಆರ್. ಲಕ್ಷ್ಮಯ್ಯನವರೂ ಅದೇ ಕ್ಷೇತ್ರದ ಶಾಸಕರಾಗಿದ್ದವರು. ಕ್ಷೇತ್ರ ಹೋದ ಮೇಲೆ ಧರ್ಮೇಗೌಡರು ಮುಂದೆ ವಿಧಾನ ಪರಿಷತ್ತಿನ ಉಪಸಭಾಪತಿ ಆದರು, 2020ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬೀರೂರು ಪಟ್ಟಣ ಕಡೂರು ಕ್ಷೇತ್ರಕ್ಕೆ ಸೇರಿತು. ಸಖರಾಯಪಟ್ಟಣ ಹೋಬಳಿ ಚಿಕ್ಕಮಗಳೂರು ಕ್ಷೇತ್ರಕ್ಕೆ ಹೋಯ್ತು.

ಸಖರಾಯಪಟ್ಟಣದ ಹತ್ತಿರ ಅಯ್ಯನಕೆರೆ ಇದೆ, ನೋಡಿಲ್ಲ ಅಂದ್ರೆ ಒಮ್ಮೆ ಹೋಗಿ. ಆ ಕೆರೆ, ಅದರ ಸುತ್ತಲಿನ ಊರು ಎಲ್ಲ ಕಡೂರು ತಾಲ್ಲೂಕು. ತಹಸೀಲ್ದಾರ್ ಕಡೂರಿನವರು. ಆದರೆ ಅಲ್ಲಿನ ಶಾಸಕರು ಚಿಕ್ಕಮಗಳೂರಿನವರು. ಕೆಳಗೆ ವೇದಾವತಿ ಹರಿದು ಬರೋ ಕಡೂರಿನ ಶಾಸಕರು ಬೇರೆ. ನೀರಿನ ವಿಷಯಕ್ಕೆ ಮಾತಾಡಬೇಕಾದರೆ ಇಬ್ಬರು ಶಾಸಕರು, ಒಬ್ಬ ತಹಸೀಲ್ದಾರ್. ಇನ್ನು ಸಂಸದರ ವಿಷಯಕ್ಕೆ ಬಂದರೆ ಗೋಜಲು ಇನ್ನೂ ಜಾಸ್ತಿ. ಕಡೂರು ವಿಧಾನಸಭಾ ಕ್ಷೇತ್ರವನ್ನ ಹಾಸನ ಲೋಕಸಭೆಗೆ ಸೇರಿಸಿದರು. ತರೀಕೆರೆ ಉಡುಪಿ-ಚಿಕ್ಕಮಗಳೂರಿಗೆ. ಹಾಗಾಗಿ 2009ರ ಚುನಾವಣೆಯಿಂದ ಹತ್ತು ವರ್ಷ ಬೀರೂರಿನವರ ಸಂಸದರು ಎಚ್.ಡಿ. ದೇವೇಗೌಡರು. ಅದೇ ಹೊತ್ತಲ್ಲಿ ಪಕ್ಕದ ತರೀಕೆರೆಯವರಿಗೆ ಡಿ.ವಿ. ಸದಾನಂದಗೌಡರು, ಆಮೇಲೆ ಜಯಪ್ರಕಾಶ್ ಹೆಗ್ಡೆ, ಆಮೇಲೆ ಶೋಭಾ ಕರಂದ್ಲಾಜೆ. ಒಂದೇ ಹೆದ್ದಾರಿ, ಒಂದೇ ರೈಲ್ವೆ ಹಳಿ. ತರೀಕೆರೆ ಅಡಿಕೆ ಬೆಳೆಗಾರನ ಓಟು ಸಮುದ್ರದ ಮೀನುಗಾರನ ಓಟಿನ ಜೊತೆ ಎಣಿಕೆ ಆಗುತ್ತೆ, ಕಡೂರಿನವನದ್ದು ಹೊಳೆನರಸೀಪುರದ ಜೊತೆ.

ಅಜ್ಜಂಪುರದ್ದು ಮತ್ತೊಂದು ಥರ. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರೋ ಊರು. ತರೀಕೆರೆ ತಾಲ್ಲೂಕಿನ ಹೋಬಳಿಯಾಗಿತ್ತು. ತಾಲ್ಲೂಕು ಮಾಡಿ ಅಂತ ಎಷ್ಟೋ ವರ್ಷ ಕೇಳಿ, ಕೊನೆಗೆ 2017ರ ಬಜೆಟ್ಟಿನಲ್ಲಿ ಸಿದ್ದರಾಮಯ್ಯ ಸರ್ಕಾರ ಘೋಷಿಸಿದ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು. ತಾಲ್ಲೂಕು ಮಾಡೋದು ರಾಜ್ಯ ಸರ್ಕಾರದ ಕೈಯಲ್ಲಿದೆ, ಮಾಡಿತು. ಆದರೆ ಕ್ಷೇತ್ರದ ಗೆರೆ ರಾಜ್ಯ ಸರ್ಕಾರದ ಕೈಯಲ್ಲಿಲ್ಲ. ಕೋರ್ಟಿಗೆ ಹೋದರೂ ಆಯೋಗದ ಆದೇಶವನ್ನ ಸಾಮಾನ್ಯವಾಗಿ ಮುಟ್ಟೋಕಾಗಲ್ಲ. ಹಾಗಾಗಿ ಅಜ್ಜಂಪುರಕ್ಕೆ ತಹಸೀಲ್ದಾರ್ ಬಂದರು, ಶಾಸಕರು ಮಾತ್ರ ತರೀಕೆರೆಯವರೇ. ಅಲ್ಲಿ 2008ರಿಂದ ಈಚೆಗೆ ಡಿ.ಎಸ್. ಸುರೇಶ್, ಜಿ.ಎಚ್. ಶ್ರೀನಿವಾಸ್, ಮತ್ತೆ ಸುರೇಶ್, ಮತ್ತೆ ಶ್ರೀನಿವಾಸ್. ಪಾಳಿ ಹಾಕಿಕೊಂಡ ಹಾಗೆ.

ಕಡೂರು ಅಷ್ಟು ಸಲೀಸಲ್ಲ. 2008ರಲ್ಲಿ ಕಾಂಗ್ರೆಸ್ಸಿನ ಕೆ.ಎಂ. ಕೃಷ್ಣಮೂರ್ತಿ. ಅವರು ತೀರಿಕೊಂಡ ಮೇಲೆ 2010ರ ಉಪಚುನಾವಣೆಯಲ್ಲಿ ಬಿಜೆಪಿಯ ಡಾ. ವೈ.ಸಿ. ವಿಶ್ವನಾಥ್. 2013ರಲ್ಲಿ ಜೆಡಿಎಸ್‌ನ ವೈ.ಎಸ್.ವಿ. ದತ್ತ, 2018ರಲ್ಲಿ ಬಿಜೆಪಿಯ ಬೆಳ್ಳಿ ಪ್ರಕಾಶ್, 2023ರಲ್ಲಿ ಕಾಂಗ್ರೆಸ್ಸಿನ ಕೆ.ಎಸ್. ಆನಂದ್. ಐದು ಚುನಾವಣೆ, ಐದು ಜನ, ಮೂರು ಪಕ್ಷ. ಪಂಚನಹಳ್ಳಿ, ಸಿಂಗಟಗೆರೆ, ಯಗಟಿ ಕಡೆಯವರನ್ನೂ ಬೀರೂರಿನವರನ್ನೂ ಒಟ್ಟಿಗೆ ಒಲಿಸ್ಕೊಳ್ಳೋದು ಹುಡುಗಾಟ ಅಲ್ಲ. ಮುಂದಿನ ಸಲ ಯಾರು ಅಂತ ನನ್ನ ಕೇಳಬೇಡಿ. ದಸರಾ ಹೊತ್ತಿಗೆ ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕ ನುಡೀತಾರೆ, ಟಿವಿಯವರು ಅದಕ್ಕೆ ರಾಜಕೀಯದ ಅರ್ಥ ಹಚ್ಚುತ್ತಾರೆ, ಅಲ್ಲಿ ಕೇಳಿ.

ಒಂದು ಕ್ಷೇತ್ರ ಹೋದರೆ ಏನು ಹೋದ ಹಾಗೆ? ಇದನ್ನ ದುಡ್ಡಿನ ಲೆಕ್ಕದಲ್ಲಿ ನೋಡೋದು ನನ್ನ ಚಟ, ಕ್ಷಮಿಸಿ. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಕ್ಷೇತ್ರಕ್ಕೆ ವರ್ಷಕ್ಕೆ 2 ಕೋಟಿ ರೂಪಾಯಿ. ಒಂದು ಕ್ಷೇತ್ರ ಕಡಿಮೆ ಅಂದ್ರೆ ಜಿಲ್ಲೆಗೆ ಅಷ್ಟು ಕಡಿಮೆ. ಬಗರ್ ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು, ಅರ್ಜಿ ಹಾಕಿ ಕೂತ ರೈತನಿಗೆ ಅದು ಜೀವನದ ಪ್ರಶ್ನೆ. ತೆಂಗು ಒಣಗಿದ ವರ್ಷಗಳಲ್ಲಿ ಪರಿಹಾರ ಕೇಳೋಕೆ ಸದನದಲ್ಲಿ ಎದ್ದು ನಿಲ್ಲೋ ಬಾಯಿ ಒಂದು ಕಡಿಮೆ.

ಆದರೆ ನಾನು ಇರೋ ದಾಸರಹಳ್ಳಿ ಕಡೆಯಿಂದಲೂ ನೋಡಬೇಕಲ್ವಾ. ಕಡೂರಿನಲ್ಲಿ ಈಗ ಸುಮಾರು ಎರಡು ಲಕ್ಷ ಮತದಾರರು. ದಾಸರಹಳ್ಳಿಯಲ್ಲಿ ನಾಲ್ಕು ಲಕ್ಷ ದಾಟಿದೆ. ಮಹದೇವಪುರದಲ್ಲಿ ಆರು ಲಕ್ಷ ದಾಟಿದೆ. ಎಲ್ಲರಿಗೂ ಅದೇ 2 ಕೋಟಿ. ತಲೆಗೆ ಲೆಕ್ಕ ಹಾಕಿದರೆ ಕಡೂರಿನ ಮತದಾರನಿಗೆ ನೂರು ರೂಪಾಯಿ, ಮಹದೇವಪುರದವನಿಗೆ ಮೂವತ್ತು ಚಿಲ್ಲರೆ. ಬೀರೂರನ್ನ ಅಳಿಸಿ ಸರಿಮಾಡಿದ ತಕ್ಕಡಿ ಹದಿನೈದು ವರ್ಷಕ್ಕೇ ಮತ್ತೆ ವಾಲಿದೆ. ಊರಲ್ಲಿ ನನ್ನ ದೊಡ್ಡಪ್ಪ ಹಾಕೋ ಓಟಿಗೆ ಇಲ್ಲಿ ಅಜ್ಜಂಪುರದ ಟೈಲರ್ ಹಾಕೋ ಓಟಿನ ಎರಡರಷ್ಟು ತೂಕ. ಇಬ್ಬರೂ ಒಂದೇ ನೆಲದವರು.

ಈಗ ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಲೆಕ್ಕ ಮತ್ತೆ ಹಾಕೋ ದಿನ ಹತ್ತಿರ ಬಂದಿದೆ. 2001ರಲ್ಲಿ ಮಾಡಿದ ಸಂವಿಧಾನ ತಿದ್ದುಪಡಿ ಪ್ರಕಾರ ಸ್ಥಾನಗಳ ಸಂಖ್ಯೆಗೆ ಹಾಕಿದ ಬೀಗ 2026ರ ನಂತರದ ಮೊದಲ ಜನಗಣತಿ ತನಕ ಮಾತ್ರ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಅನ್ನ ಆಧಾರ ದಿನ ಅಂತ ಘೋಷಿಸಿದ್ದಾರೆ. ಇನ್‌ಸ್ಟಾದಲ್ಲಿ, ಟಿವಿಯಲ್ಲಿ ಎಲ್ಲಿ ನೋಡಿದರೂ ಮರುವಿಂಗಡಣೆ ಅಂದ್ರೆ ಉತ್ತರ-ದಕ್ಷಿಣದ ಜಗಳ. ಜನಸಂಖ್ಯೆ ಹತೋಟಿ ಮಾಡಿದ ನಮಗೆ ಶಿಕ್ಷೆ ಯಾಕೆ ಅಂತ ಕರ್ನಾಟಕ ಕೇಳುತ್ತೆ. ನ್ಯಾಯವಾದ ಪ್ರಶ್ನೆ. ಆದರೆ ದೆಹಲಿ ಕಡೆ ಮುಖ ಮಾಡಿ ಬೆಂಗಳೂರು ಕೇಳೋ ಈ ಪ್ರಶ್ನೆಯನ್ನೇ ಬೆಂಗಳೂರಿನ ಕಡೆ ಮುಖ ಮಾಡಿ ಕಡೂರು ಕೇಳಬಹುದು. ಅದನ್ನ ಯಾರೂ ಕೇಳ್ತಾ ಇಲ್ಲ.

ಚಿಕ್ಕಮಗಳೂರು ಜಿಲ್ಲೆಯ ಅಂಕಿ ನೋಡಿ. 1971ರಲ್ಲಿ 7 ಲಕ್ಷ 37 ಸಾವಿರ. ಅವತ್ತಿನ ಲೆಕ್ಕಕ್ಕೆ 5.6, ಆರು ಕ್ಷೇತ್ರ ನ್ಯಾಯವಾಗಿಯೇ ಇತ್ತು. 2001ರಲ್ಲಿ 11 ಲಕ್ಷ 41 ಸಾವಿರ. 2011ರಲ್ಲಿ? 11 ಲಕ್ಷ 38 ಸಾವಿರ. ಇಳಿದಿದೆ! ಆ ಹತ್ತು ವರ್ಷದಲ್ಲಿ ಕರ್ನಾಟಕದಲ್ಲಿ ಜನಸಂಖ್ಯೆ ಇಳಿದ ಏಕೈಕ ಜಿಲ್ಲೆ ನಮ್ಮದು. ಅದೇ ಹೊತ್ತಲ್ಲಿ ಬೆಂಗಳೂರು ನಗರ 65 ಲಕ್ಷದಿಂದ 96 ಲಕ್ಷಕ್ಕೆ ಹೋಯ್ತು. ಒಂದು ಕಡೆ ಹುಟ್ಟು ಕಡಿಮೆ, ಇನ್ನೊಂದು ಕಡೆ ಓದು ಮುಗಿದ ಕೂಡಲೇ ಬ್ಯಾಗು ಹಿಡಿದು ಹೊರಡೋ ನನ್ನಂಥವರು ಜಾಸ್ತಿ.

2011ರ ಅಂಕಿಯನ್ನೇ ಇಟ್ಟು ಅದೇ ಭಾಗಾಕಾರ ಮಾಡಿದೆ. 224 ಹಾಗೇ ಇದ್ದರೆ ಒಂದು ಕ್ಷೇತ್ರಕ್ಕೆ 2 ಲಕ್ಷ 73 ಸಾವಿರ ಜನ. ಚಿಕ್ಕಮಗಳೂರಿಗೆ ಬರೋದು 4.17. ಬೆಂಗಳೂರು ನಗರಕ್ಕೆ 35.3. ಅಂದ್ರೆ ನಾಲ್ಕು ಮತ್ತು ಮೂವತ್ತೈದು. ಒಟ್ಟು ಸ್ಥಾನವನ್ನೇ ಹೆಚ್ಚು ಮಾಡಿದರೆ ನಮ್ಮ ಐದು ಉಳಿಯಬಹುದು, ಆದರೆ ಆಗಲೂ ಬೆಂಗಳೂರಿನ ಪಾಲು ಬೆಳೆದೇ ಬೆಳೆಯುತ್ತೆ. 2027ರ ಗಣತಿಯಲ್ಲಿ ಈ ಅಂತರ ಇನ್ನೂ ದೊಡ್ಡದಾಗಿರುತ್ತೆ ಅನ್ನೋಕೆ ಜ್ಯೋತಿಷಿ ಬೇಕಾಗಿಲ್ಲ, ಭಾನುವಾರ ರಾತ್ರಿ ಕಡೂರು ಸ್ಟೇಷನ್ನಿನ ಪ್ಲಾಟ್‌ಫಾರಂ ನೋಡಿದರೆ ಸಾಕು.

ನಾಲ್ಕು ಅಂದ್ರೆ ಯಾವ ನಾಲ್ಕು? ಶೃಂಗೇರಿಯ ಕಾಡು-ಬೆಟ್ಟವನ್ನ ಇನ್ನೂ ಹಿಗ್ಗಿಸ್ತಾರಾ? ಕಡೂರು-ತರೀಕೆರೆ ಎರಡನ್ನೂ ಒಡೆದು ಬೇರೆ ಥರ ಜೋಡಿಸ್ತಾರಾ? ಅಜ್ಜಂಪುರದವರಿಗೆ ಬೇಕಿರೋದು ತಮ್ಮದೇ ಕ್ಷೇತ್ರ. ಅವರು ಕೇಳ್ತಿರೋ ಹೊತ್ತಲ್ಲಿ ಇರೋದೇ ಒಂದು ಹೋಗೋ ಲೆಕ್ಕ ಎದುರಿಗಿದೆ. ಕೆಲವರು ಇದಕ್ಕೆ ಪರಿಹಾರ ಅಂತ "ಓಟರ್ ಕಾರ್ಡ್ ಊರಲ್ಲೇ ಇಟ್ಕೊಳ್ಳಿ" ಅಂತಾರೆ. ದೊಡ್ಡಪ್ಪನೂ ಅದನ್ನೇ ಹೇಳೋದು: "ಕಾರ್ಡು ಇಲ್ಲೇ ಇರ್ಲಿ ಕಣೋ, ಓಟಿನ ದಿನ ಬಂದು ಹೋಗು." ಆದರೆ ಅದರಿಂದ ಏನೂ ಉಪಯೋಗ ಇಲ್ಲ ಅಂತ ಅವರಿಗೆ ಹೇಗೆ ಹೇಳೋದು? ಮರುವಿಂಗಡಣೆ ಎಣಿಸೋದು ಮತದಾರರ ಪಟ್ಟಿಯನ್ನಲ್ಲ, ಜನಗಣತಿಯನ್ನ. ಗಣತಿಯವರು ಬಂದು ಬಾಗಿಲು ತಟ್ಟಿದಾಗ ನಾನು ವಾಸ ಇರೋದು ದಾಸರಹಳ್ಳಿಯಲ್ಲಿ. ಊರಲ್ಲಿ ಹೆಸರು ಬರೆಸಿದರೆ ಅದು ಸುಳ್ಳು ಲೆಕ್ಕ ಆಗುತ್ತೆ. ಕಾರ್ಡನ್ನೂ ಕಾನೂನು ಪ್ರಕಾರ ವಾಸ ಇರೋ ಕಡೆಗೇ ಬದಲಾಯಿಸ್ಕೋಬೇಕು, ಫಾರಂ 8 ಅಂತ ಇದೆ, ಫೋನಲ್ಲೇ ತುಂಬಬಹುದು.

ಉಪಯೋಗ ಇರೋದು ಬೇರೆ ಕಡೆ. ಆಯೋಗ ಕೂತಾಗ ಮೊದಲು ಕರಡು ಹೊರಡಿಸುತ್ತೆ, ಆಕ್ಷೇಪಣೆ ಕರೆಯುತ್ತೆ, ಬಹಿರಂಗ ಸಭೆ ಮಾಡುತ್ತೆ. ಎಷ್ಟು ಕ್ಷೇತ್ರ ಅನ್ನೋದು ಕ್ಯಾಲ್ಕುಲೇಟರ್ ಕೈಯಲ್ಲಿ, ಗೆರೆ ಎಲ್ಲಿ ಅನ್ನೋದು ಆ ಸಭೆಯಲ್ಲಿ. ಭೌಗೋಳಿಕ ಸ್ವರೂಪ, ಆಡಳಿತದ ಗಡಿ, ಸಂಪರ್ಕದ ಅನುಕೂಲ, ಜನರ ಅನುಕೂಲ ನೋಡಬೇಕು ಅಂತ ಕಾಯ್ದೆಯಲ್ಲೇ ಬರೆದಿದೆ. ಅಯ್ಯನಕೆರೆಯ ನೀರು ಯಾವ ಕಡೆ ಹರಿಯುತ್ತೆ, ಅಜ್ಜಂಪುರದಿಂದ ಬಸ್ಸು ಯಾವ ಕಡೆ ಓಡುತ್ತೆ, ಶಿವನಿಯವರು ಸಂತೆಗೆ ಎಲ್ಲಿ ಹೋಗ್ತಾರೆ, ಇದನ್ನ ಬರೆದುಕೊಡೋಕೆ ದೊಡ್ಡ ವಕೀಲರು ಬೇಕಾಗಿಲ್ಲ. ಊರು ಗೊತ್ತಿರೋರು ಬೇಕು.

ನಿಮ್ಮ ಊರಲ್ಲೂ ಹೀಗೆ ಅಳಿಸಿಹೋದ ಕ್ಷೇತ್ರ ಇದ್ದರೆ, ಗಂಡಸಿ, ಸೋಮವಾರಪೇಟೆ, ಹೊಸನಗರ, ಬ್ರಹ್ಮಾವರ, ಯಾವುದೇ ಇರಲಿ, ಮನೆಯ ಹಿರಿಯರನ್ನ ಕೂರಿಸಿ ಆ ಹಳೇ ಕ್ಷೇತ್ರಕ್ಕೆ ಯಾವ ಯಾವ ಹಳ್ಳಿ ಸೇರಿದ್ದವು ಅಂತ ಕೇಳಿ, ಒಂದು ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆ ಗಂಡಸಿ ಮೇಲೆ ಮಾಡೋಣ ಅಂತಿದೀನಿ.